ಪ್ರೆಸೆಂಟ್ ಪರ್ಫೆಕ್ಟ್ ಎಲ್ಲಿ ಬಳಸಬೇಕು? ಉತ್ತರ ‘ಬರಲಿಲ್ಲ’, ‘ಬಂದಿಲ್ಲ’ಗಳ ನಡುವೆ ಇದೆ

ಮೀಟಿಂಗ್ ನಡೆಯುತ್ತಿದೆ. ಯಾರೋ ಬಾಗಿಲಲ್ಲಿ ಇಣುಕಿ ‘ರಾಜು ಬಂದ್ನಾ?’ ಎಂದು ಕೇಳುತ್ತಾರೆ. ನೀವು ‘ಇಲ್ಲ, ಬಂದಿಲ್ಲ’ ಎನ್ನುತ್ತೀರಿ. ಮರುದಿನ ಇನ್ನೊಬ್ಬರು ಅದೇ ಮೀಟಿಂಗಿನ ಬಗ್ಗೆ ವಿಚಾರಿಸಿದರೆ ‘ಇಲ್ಲ, ಬರಲಿಲ್ಲ’ ಎನ್ನುತ್ತೀರಿ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ನಿಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಾರರು. ಆದರೂ ನಿಮ್ಮ ನಾಲಿಗೆ ತಪ್ಪುವುದಿಲ್ಲ. ‘ಬಂದಿಲ್ಲ’ ಎಂದಾಗ ರಾಜು ಇನ್ನೂ ಬರಬಹುದು, ಲೆಕ್ಕ ಮುಗಿದಿಲ್ಲ. ‘ಬರಲಿಲ್ಲ’ ಎಂದಾಗ ಮೀಟಿಂಗೂ ಮುಗಿಯಿತು, ಲೆಕ್ಕವೂ ಮುಗಿಯಿತು.

ಇಂಗ್ಲಿಷಿನಲ್ಲಿ ಮೊದಲನೆಯದು ‘ಹೀ ಹ್ಯಾಸಂಟ್ ಕಮ್’, ಎರಡನೆಯದು ‘ಹೀ ಡಿಡಂಟ್ ಕಮ್’. ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಎಂದು ನಾವು ಹೆದರುವ ಸಂಗತಿಯ ಬಹುಪಾಲು ಇಷ್ಟರಲ್ಲೇ ಇದೆ, ಮತ್ತು ಅದು ನಿಮಗೆ ಆಗಲೇ ಗೊತ್ತಿದೆ. ಉಳಿದದ್ದು ಕನ್ನಡ ನಮ್ಮನ್ನು ದಾರಿ ತಪ್ಪಿಸುವ ಮೂರು ನಾಲ್ಕು ಜಾಗಗಳು. ಅವನ್ನು ಗುರುತಿಟ್ಟುಕೊಂಡರೆ ಸಾಕು.

ಹೆಜ್ಜೆ 1: ‘ಈಗಷ್ಟೇ ಮುಗಿದ ಕ್ರಿಯೆ’ ಎಂಬ ವ್ಯಾಖ್ಯೆಯನ್ನು ಮರೆತುಬಿಡಿ

ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಇದೀಗ ಮುಗಿದ ಕ್ರಿಯೆ ಎಂದು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬ. ಈ ವ್ಯಾಖ್ಯೆ ಎಷ್ಟು ಟೊಳ್ಳು ಎಂದು ಎರಡು ವಾಕ್ಯಗಳಿಂದ ತಿಳಿಯುತ್ತದೆ.

‘ಐ ಸಾ ಹಿಮ್ ಎ ಮಿನಿಟ್ ಅಗೋ.’ ಅವನನ್ನು ನೋಡಿ ಒಂದೇ ನಿಮಿಷವಾಗಿದೆ. ಇದಕ್ಕಿಂತ ‘ಈಗಷ್ಟೇ’ ಬೇಕೆ? ಆದರೂ ಇಲ್ಲಿ ಬರುವುದು ಸಿಂಪಲ್ ಪಾಸ್ಟ್, ಅಂದರೆ ಸಾದಾ ಭೂತಕಾಲ. ‘ಐ ಹ್ಯಾವ್ ಸೀನ್ ಹಿಮ್ ಎ ಮಿನಿಟ್ ಅಗೋ’ ಎಂದರೆ ತಪ್ಪು.

‘ಹ್ಯೂಮನ್ಸ್ ಹ್ಯಾವ್ ವಾಕ್ಡ್ ಆನ್ ದ ಮೂನ್.’ 1969ರಿಂದ 1972ರ ನಡುವೆ 12 ಮಂದಿ ಚಂದ್ರನ ಮೇಲೆ ನಡೆದಾಡಿದರು. ಅರ್ಧ ಶತಮಾನವೇ ದಾಟಿದೆ. ಆದರೂ ಈ ವಾಕ್ಯದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಸರಿಯಾಗಿಯೇ ಕೂರುತ್ತದೆ. ಇಸವಿ ಸೇರಿಸಿದ ಕೂಡಲೇ ಅದು ಜಾಗ ಖಾಲಿ ಮಾಡುತ್ತದೆ: ‘ಆರ್ಮ್‌ಸ್ಟ್ರಾಂಗ್ ವಾಕ್ಡ್ ಆನ್ ದ ಮೂನ್ ಇನ್ 1969.’

ಅಂದಮೇಲೆ ಘಟನೆ ಎಷ್ಟು ಹಳೆಯದು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಮಾತಾಡುವವನು ಎಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂಬುದೇ ಪ್ರಶ್ನೆ. ಇವತ್ತಿನಲ್ಲಿ ನಿಂತು, ಹಿಂದೆ ಆದದ್ದರಿಂದ ಈಗ ಏನಾಗಿದೆ, ಈಗ ನನ್ನ ಕೈಯಲ್ಲಿ ಏನಿದೆ ಎಂದು ಹೇಳುತ್ತಿದ್ದರೆ ಪ್ರೆಸೆಂಟ್ ಪರ್ಫೆಕ್ಟ್. ನಿನ್ನೆಗೋ 1969ಕ್ಕೋ ಹೋಗಿ ನಿಂತು ಅಲ್ಲಿ ನಡೆದದ್ದನ್ನು ಹೇಳುತ್ತಿದ್ದರೆ ಸಿಂಪಲ್ ಪಾಸ್ಟ್. ಪರ್ಫೆಕ್ಟ್ ಎಂಬ ಪದ ‘ಪೂರ್ಣಗೊಂಡದ್ದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ; ಅದನ್ನೇ ಹಿಡಿದು ಜಗ್ಗಿದ್ದರಿಂದ ಇಷ್ಟೆಲ್ಲ ಗೊಂದಲ. ಹೆಸರಿನ ಮೊದಲರ್ಧ, ಪ್ರೆಸೆಂಟ್ ಎಂಬುದನ್ನು ನಂಬಿ.

ಹೆಜ್ಜೆ 2: ಆಕಾರವನ್ನು ಒಮ್ಮೆ ಸರಿಮಾಡಿಕೊಳ್ಳಿ

ಇದಕ್ಕೆ ಹೆಚ್ಚು ಹೊತ್ತು ಬೇಡ. ಹ್ಯಾವ್ ಅಥವಾ ಹ್ಯಾಸ್, ಅದಾದ ಮೇಲೆ ಕ್ರಿಯಾಪದದ ಮೂರನೆಯ ರೂಪ. ಹೀ, ಶೀ, ಇಟ್ ಮತ್ತು ಒಬ್ಬರ ಅಥವಾ ಒಂದು ವಸ್ತುವಿನ ಹೆಸರಿಗೆ ಹ್ಯಾಸ್, ಉಳಿದ ಎಲ್ಲಕ್ಕೂ ಹ್ಯಾವ್. ಇಲ್ಲ ಎನ್ನಲು ಹ್ಯಾವಂಟ್, ಹ್ಯಾಸಂಟ್. ಕೇಳುವಾಗ ಹ್ಯಾವ್ ಮುಂದೆ ಬರುತ್ತದೆ: ‘ಹ್ಯಾವ್ ಯೂ ಸೀನ್ ಇಟ್?’

ಎಡವುವುದು ಮೂರನೆಯ ರೂಪದಲ್ಲಿ. ವರ್ಕ್, ವರ್ಕ್ಡ್, ವರ್ಕ್ಡ್ ಎಂಬಂಥವು ತಂಟೆ ಮಾಡುವುದಿಲ್ಲ. ಗೋ, ವೆಂಟ್, ಗಾನ್. ಸೀ, ಸಾ, ಸೀನ್. ಡೂ, ಡಿಡ್, ಡನ್. ರೈಟ್, ರೋಟ್, ರಿಟನ್. ಟೇಕ್, ಟುಕ್, ಟೇಕನ್. ಬ್ರೇಕ್, ಬ್ರೋಕ್, ಬ್ರೋಕನ್ – ಇಂಥವು ಮಾಡುತ್ತವೆ. ‘ಐ ಹ್ಯಾವ್ ವೆಂಟ್’ ಎಂಬುದು ಕಿವಿಗೆ ಕರಕರ ಎನ್ನುವವರೆಗೆ ಇವನ್ನು ಜೋರಾಗಿ ಹೇಳಿಕೊಳ್ಳಿ. ಕಮ್ ಎಂಬುದರ ಮೂರನೆಯ ರೂಪ ಮತ್ತೆ ಕಮ್ ಎಂದೇ. ‘ಹೀ ಹ್ಯಾಸ್ ಕೇಮ್’ ಎಂದು ಹೇಳುವವರು ಬಹಳ, ನೀವು ಹೇಳಬೇಡಿ.

ಇಂಗ್ಲಿಷ್ ಕಿವಿಗೆ ಬೀಳುವಾಗಿನ ತೊಂದರೆ ಬೇರೆ. ಮಾತಿನಲ್ಲಿ ‘ಐ ಹ್ಯಾವ್’ ಎಂಬುದು ‘ಐವ್’ ಆಗಿ ಕುಗ್ಗುತ್ತದೆ, ಆ ‘ವ್’ ಕೂಡ ಕೆಲವೊಮ್ಮೆ ಕೇಳಿಸುವುದೇ ಇಲ್ಲ. ‘ಹೀ ಹ್ಯಾಸ್’, ‘ಹೀ ಈಸ್’ ಎರಡೂ ‘ಹೀಸ್’ ಆಗುತ್ತವೆ. ‘ಹೀಸ್ ಫಿನಿಷಿಂಗ್’ ಎಂದರೆ ಈಸ್, ‘ಹೀಸ್ ಫಿನಿಷ್ಡ್ ದ ವರ್ಕ್’ ಎಂದರೆ ಹ್ಯಾಸ್. ‘ಹೀಸ್’ ಆದ ಮೇಲೆ ಬರುವ ಪದವೇ ಸಾಕ್ಷಿ.

ಇಲ್ಲೊಂದು ಸಣ್ಣ ಸೋಜಿಗ. ಕನ್ನಡದಲ್ಲಿ ಹ್ಯಾವ್ ಎಂಬುದಕ್ಕೆ ಸರಿಸಮನಾದ ಕ್ರಿಯಾಪದವೇ ಇಲ್ಲ. ‘ನನ್ನ ಹತ್ತಿರ ಇದೆ’ ಎನ್ನುತ್ತೇವೆ. ಅದಕ್ಕೇ ಇಂಗ್ಲಿಷಿನವರು ಹ್ಯಾವ್ ಹಾಕುವ ಜಾಗದಲ್ಲಿ ನಾವು ‘ಇರು’ ಹಾಕುತ್ತೇವೆ. ಮಾಡಿ ಮತ್ತು ಇದ್ದೇನೆ ಸೇರಿ ‘ಮಾಡಿದ್ದೇನೆ’. ಬಂದು ಮತ್ತು ಇದ್ದಾಳೆ ಸೇರಿ ‘ಬಂದಿದ್ದಾಳೆ’. ಹಳೆಯ ಇಂಗ್ಲಿಷಿನಲ್ಲೂ ಹೋಗು, ಬರು ಮುಂತಾದ ಚಲನೆಯ ಪದಗಳ ಜತೆ ಇರು ಎಂಬರ್ಥದ ಪದವೇ ಬರುತ್ತಿತ್ತು. ಇಂದಿಗೂ ಉಳಿದಿರುವ ‘ಹೀ ಈಸ್ ಗಾನ್’ ಅದರ ಪಳೆಯುಳಿಕೆ.

ಹೆಜ್ಜೆ 3: ವಾಕ್ಯವನ್ನು ‘ಇಲ್ಲ’ ಮಾಡಿ ನೋಡಿ

ಇದು ನನ್ನ ಪ್ರಕಾರ ಕನ್ನಡಿಗರಿಗೆ ಸಿಕ್ಕಿರುವ ಅತ್ಯಂತ ಒಳ್ಳೆಯ ಉಪಾಯ.

‘ಹೌದು’ ಎನ್ನುವ ವಾಕ್ಯಗಳಲ್ಲಿ ಕನ್ನಡ ಸ್ವಲ್ಪ ಸಡಿಲ. ‘ಆ ಸಿನಿಮಾ ನೋಡಿದೆ’, ‘ನೋಡಿದ್ದೇನೆ’, ‘ನೋಡಿದ್ದೆ’ ಮೂರನ್ನೂ ಒಂದರ ಬದಲು ಒಂದು ಬಳಸುತ್ತೇವೆ. ‘ಕೆಲಸ ಮುಗೀತಾ?’ ಎಂದು ಭೂತಕಾಲದಲ್ಲಿ ಕೇಳುತ್ತೇವೆ, ನಮ್ಮ ಮನಸ್ಸಿನಲ್ಲಿರುವುದು ಮಾತ್ರ ಈಗಿನ ಸ್ಥಿತಿ. ಅಷ್ಟೇಕೆ, ಯಾರಾದರೂ ಕರೆದರೆ ಕುರ್ಚಿಯಿಂದ ಏಳುವ ಮುಂಚೆಯೇ ‘ಬಂದೆ ಬಂದೆ’ ಎನ್ನುತ್ತೇವೆ! ಹಾಗಾಗಿ ಹೌದು ಎನ್ನುವ ವಾಕ್ಯದ ರೂಪ ನೋಡಿ ಇಂಗ್ಲಿಷಿನ ಟೆನ್ಸ್ ಆರಿಸಲು ಹೊರಟರೆ ಮೋಸ ಹೋಗುತ್ತೀರಿ.

‘ಇಲ್ಲ’ ಎನ್ನುವಾಗ ಕನ್ನಡ ಬಿಗಿ. ಅಲ್ಲಿ ಮುಖ್ಯವಾಗಿ ಎರಡೇ ದಾರಿ: ‘ನೋಡಿಲ್ಲ’ ಅಥವಾ ‘ನೋಡಲಿಲ್ಲ’. ಆದ್ದರಿಂದ ಹೀಗೆ ಮಾಡಿ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಇಲ್ಲ ಎನ್ನುವ ರೂಪಕ್ಕೆ ತಿರುಗಿಸಿ. ‘-ಇಲ್ಲ’ ನೇರವಾಗಿ ಬಂದು ಅಂಟಿದರೆ, ಅಂದರೆ ಮಾಡಿಲ್ಲ, ಹೋಗಿಲ್ಲ, ತಿಳಿಸಿಲ್ಲ ಎಂದಾದರೆ, ಇಂಗ್ಲಿಷಿನಲ್ಲಿ ಹ್ಯಾವ್. ‘-ಲಿಲ್ಲ’ ಬಂದರೆ, ಅಂದರೆ ಮಾಡಲಿಲ್ಲ, ಹೋಗಲಿಲ್ಲ, ತಿಳಿಸಲಿಲ್ಲ ಎಂದಾದರೆ, ಸಿಂಪಲ್ ಪಾಸ್ಟ್.

ಗೆಳತಿ ಒಂದು ಸಿನಿಮಾದ ಹೆಸರು ಹೇಳಿ ‘ನೋಡಿದೆಯಾ?’ ಎನ್ನುತ್ತಾಳೆ ಎಂದುಕೊಳ್ಳಿ. ನೀವು ನೋಡಿರದಿದ್ದರೆ ಏನು ಹೇಳುತ್ತಿದ್ದಿರಿ? ‘ಇಲ್ಲ, ನೋಡಿಲ್ಲ.’ ಹಾಗಾದರೆ ಹೌದು ಎನ್ನುವಾಗಲೂ ‘ಯೆಸ್, ಐ ಹ್ಯಾವ್ ಸೀನ್ ಇಟ್.’ ಅವಳ ಪ್ರಶ್ನೆ ‘ನಿನ್ನೆ ರಾತ್ರಿ ಟಿವಿಯಲ್ಲಿ ಬಂತಲ್ಲ, ನೋಡಿದೆಯಾ?’ ಎಂದಾಗಿದ್ದರೆ? ‘ಇಲ್ಲ, ನೋಡಲಿಲ್ಲ.’ ಹಾಗಾದರೆ ‘ಯೆಸ್, ಐ ಸಾ ಇಟ್.’

ಆಫೀಸಿನಲ್ಲಿ ಮೇಲಿನವರು ರಿಪೋರ್ಟ್ ಕೇಳುತ್ತಾರೆ. ‘ಇನ್ನೂ ಕಳಿಸಿಲ್ಲ ಸರ್’ ಎಂದರೆ ‘ಐ ಹ್ಯಾವಂಟ್ ಸೆಂಟ್ ಇಟ್ ಯೆಟ್.’ ಕಳಿಸುವ ಇರಾದೆ ಇದೆ ಎಂಬುದು ಅದರೊಳಗೇ ಅಡಗಿದೆ. ಅದರ ಬದಲು ‘ಐ ಡಿಡಂಟ್ ಸೆಂಡ್ ಇಟ್’ ಎಂದಿರೋ, ‘ಕಳಿಸಲಿಲ್ಲ’ ಎಂದಂತಾಯಿತು. ಕೇಳಿದವರು ಹುಬ್ಬು ಗಂಟಿಕ್ಕಿದರೆ ತಪ್ಪು ಅವರದ್ದಲ್ಲ.

ಒಂದು ಎಚ್ಚರಿಕೆ. ಕೆಲವು ಕಡೆಯ ಮಾತಿನಲ್ಲಿ ‘ನಿನ್ನೆ ಬಂದಿಲ್ಲ’ ಎಂದೂ ಸಲೀಸಾಗಿ ಹೇಳುತ್ತಾರೆ. ನಿಮ್ಮ ಮನೆಮಾತು ಹಾಗಿದ್ದರೆ ಇನ್ನೊಂದು ಅಳತೆಗೋಲು ಇಟ್ಟುಕೊಳ್ಳಿ: ವಾಕ್ಯದೊಳಗೆ ‘ಇಲ್ಲಿಯವರೆಗೆ’ ಎಂದು ಸೇರಿಸಿ. ‘ಇಲ್ಲಿಯವರೆಗೆ ಅವನು ಬಂದಿಲ್ಲ’ ಸರಿಹೊಂದುತ್ತದೆ, ಹ್ಯಾವ್ ಹಾಕಿ. ‘ಇಲ್ಲಿಯವರೆಗೆ ನಿನ್ನೆಯ ಮೀಟಿಂಗಿಗೆ ಬಂದಿಲ್ಲ’ ಎಂದರೆ ನಗು ಬರುತ್ತದೆ, ಹಾಕಬೇಡಿ.

ಹೆಜ್ಜೆ 4: ದಿನಾಂಕ ಕಂಡರೆ ಹ್ಯಾವ್ ಬಿಡಿ

ಕನ್ನಡ ದಾರಿ ತಪ್ಪಿಸುವ ಮೊದಲ ಜಾಗ ಇದು. ‘ಅವರು ನಿನ್ನೆಯೇ ಬಂದಿದ್ದಾರೆ’, ‘ನಾನು 2018ರಲ್ಲಿ ಡಿಗ್ರಿ ಮುಗಿಸಿದ್ದೇನೆ’ – ಕನ್ನಡದಲ್ಲಿ ಎರಡೂ ಸರಿ. ‘-ಇದ್ದೇನೆ’ಗೂ ನಿನ್ನೆಗೂ ಜಗಳವಿಲ್ಲ. ಇಂಗ್ಲಿಷಿನಲ್ಲಿ ಇವು ಒಂದೇ ವಾಕ್ಯದಲ್ಲಿ ಕೂರುವುದಿಲ್ಲ. ಮುಗಿದುಹೋದ ಕಾಲದ ಹೆಸರು ಹೇಳಿದಿರಿ ಎಂದರೆ ನೀವು ಇವತ್ತನ್ನು ಬಿಟ್ಟು ಅಲ್ಲಿಗೆ ಹೋದಿರಿ ಎಂದೇ ಲೆಕ್ಕ.

ಆ ಕಾಲಸೂಚಕಗಳು ಇವು: ಯೆಸ್ಟರ್‌ಡೇ, ಲಾಸ್ಟ್ ವೀಕ್, ಲಾಸ್ಟ್ ಇಯರ್, ಟೂ ಡೇಸ್ ಅಗೋ, ಇನ್ 2018, ಆನ್ ಮಂಡೇ, ವೆನ್ ಐ ವಾಸ್ ಎ ಚೈಲ್ಡ್. ಅಗೋ ಎಂಬುದನ್ನು ಕಂಡರಂತೂ ಯೋಚಿಸುವುದೇ ಬೇಡ. ‘ಯಾವಾಗ’ ಎಂದು ಕೇಳುವ ವೆನ್ ಕೂಡ ಇದೇ ಗುಂಪಿನದು. ‘ವೆನ್ ಹ್ಯಾವ್ ಯೂ ಕಮ್?’ ಅಲ್ಲ, ‘ವೆನ್ ಡಿಡ್ ಯೂ ಕಮ್?’ ಅದು ಬಯಸುವ ಉತ್ತರವೇ ಒಂದು ನಿರ್ದಿಷ್ಟ ಹೊತ್ತು ತಾನೆ?

ಬಯೋಡೇಟಾಗಳಲ್ಲೂ ಇಮೇಲ್‌ಗಳಲ್ಲೂ ಅತಿ ಹೆಚ್ಚು ಕಾಣುವ ತಪ್ಪು ಇದೇ ಇರಬೇಕು. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2018.’ ‘ಐ ಹ್ಯಾವ್ ಸೆಂಟ್ ಯೂ ದ ಫೈಲ್ ಯೆಸ್ಟರ್‌ಡೇ.’ ನನ್ನ ಮೊದಲ ಕೆಲಸದ ಅರ್ಜಿಯ ಮೊದಲ ಸಾಲೇ ಹೀಗಿತ್ತು. ಸರಿಪಡಿಸಲು ಎರಡು ದಾರಿಯಿವೆ: ಹ್ಯಾವ್ ತೆಗೆಯಿರಿ, ಇಲ್ಲವೇ ದಿನಾಂಕ ತೆಗೆಯಿರಿ. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2018’ ಸರಿ. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ’ ಎಂಬುದೂ ಸರಿ.

ಇದರ ಬೆನ್ನಿಗೇ ಇನ್ನೊಂದು ಹಳ್ಳ. ‘ನಿನ್ನೆ ಅವನು ಬಂದಿದ್ದ’ ಎನ್ನುವುದು ನಮಗೆ ಸಹಜ. ಅದರಲ್ಲಿರುವ ‘ಇದ್ದ’ವನ್ನು ಹಾಗೇ ಎತ್ತಿ ‘ಹೀ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಹ್ಯಾಡ್ ಬರಬೇಕಾದರೆ ಹಿಂದೆ ನಡೆದ ಇನ್ನೊಂದು ಘಟನೆ ಬೇಕು, ಅದಕ್ಕಿಂತಲೂ ಮುಂಚೆ ಇದು ಆಗಿರಬೇಕು: ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.’ ಹಾಗೆ ಎರಡನೆಯ ಘಟನೆ ಇಲ್ಲದಿದ್ದರೆ ಬರೀ ‘ಹೀ ಕೇಮ್ ಯೆಸ್ಟರ್‌ಡೇ.’ ಹ್ಯಾವ್ ಹಾಕಲು ಅಳುಕಿ ಹ್ಯಾಡ್ ಹಾಕಿದರೆ ಕ್ಷೇಮ ಎಂದುಕೊಳ್ಳುವವರು ಬಹಳ. ಕ್ಷೇಮವಲ್ಲ.

ಹೆಜ್ಜೆ 5: ‘-ಇಂದ’ ಕಂಡರೆ ನಿಲ್ಲಿ

ಎರಡನೆಯ ಜಾಗ ಇದಕ್ಕಿಂತ ಆಳ. ‘ನಾನು ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.’ ಕನ್ನಡದ ಕ್ರಿಯಾಪದ ಅಪ್ಪಟ ವರ್ತಮಾನ. ಅದನ್ನು ನಂಬಿ ‘ಐ ಆಮ್ ವರ್ಕಿಂಗ್ ಹಿಯರ್ ಫ್ರಮ್ ಫೈವ್ ಇಯರ್ಸ್’ ಎನ್ನುತ್ತೇವೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಇಂಗ್ಲಿಷಿನವರು ಇದನ್ನು ನೋಡುವ ರೀತಿ ಬೇರೆ. ಕೆಲಸ ಹಿಂದೆ ಶುರುವಾಗಿದೆ, ಈ ಕ್ಷಣದವರೆಗೂ ಬಂದಿದೆ. ಎರಡು ತುದಿಗಳನ್ನೂ ಒಟ್ಟಿಗೆ ಹಿಡಿಯುವ ಕ್ರಿಯಾಪದ ಬೇಕು, ಅದಕ್ಕೇ ಹ್ಯಾವ್: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’ ‘ಐ ಆಮ್ ವರ್ಕಿಂಗ್’ ಎಂದರೆ ಈಗಿನ ತುದಿ ಮಾತ್ರ ಕಾಣುತ್ತದೆ. ‘ಐ ವರ್ಕ್ಡ್’ ಎಂದರೆ ಕೆಲಸ ಬಿಟ್ಟಾಯಿತು.

ಇನ್ನು ಫ್ರಮ್, ಫಾರ್, ಸಿನ್ಸ್‌ಗಳ ಗೋಜಲು. ಕನ್ನಡದ ‘-ಇಂದ’ ಎಲ್ಲ ಕೆಲಸವನ್ನೂ ಒಂದೇ ಕೈಯಲ್ಲಿ ಮಾಡುತ್ತದೆ: ‘2019ರಿಂದ’ ಎನ್ನುತ್ತೇವೆ, ‘ಐದು ವರ್ಷದಿಂದ’ ಎಂದೂ ಎನ್ನುತ್ತೇವೆ. ಮೊದಲನೆಯದು ಶುರುವಾದ ಬಿಂದು, ಎರಡನೆಯದು ಉದ್ದ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಬಿಂದುವಿಗೆ ಸಿನ್ಸ್: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ದಿಸ್ ಮಾರ್ನಿಂಗ್, ಸಿನ್ಸ್ ಐ ಲೆಫ್ಟ್ ಕಾಲೇಜ್. ಉದ್ದಕ್ಕೆ ಫಾರ್: ಫಾರ್ ಫೈವ್ ಇಯರ್ಸ್, ಫಾರ್ ಟೂ ಅವರ್ಸ್, ಫಾರ್ ಎ ಲಾಂಗ್ ಟೈಮ್. ‘ಸಿನ್ಸ್ ಫೈವ್ ಇಯರ್ಸ್’ ಎಂಬುದನ್ನು ನೀವು ಎಷ್ಟು ಬಾರಿ ಕೇಳಿದ್ದರೂ ಅದು ತಪ್ಪೇ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ ಸಿನ್ಸ್, ಎಣಿಸಿ ಹೇಳಬೇಕಾದರೆ ಫಾರ್.

ಫಾರ್ ಬಂದಲ್ಲೆಲ್ಲ ಹ್ಯಾವ್ ಬರಬೇಕೆಂದೇನೂ ಇಲ್ಲ. ಇಲ್ಲಿ ಮತ್ತೆ ಕನ್ನಡವೇ ನೆರವಿಗೆ ಬರುತ್ತದೆ. ‘ಅಲ್ಲಿ ಐದು ವರ್ಷ ಇದ್ದೆ’, ‘ಅಲ್ಲಿ ಐದು ವರ್ಷದಿಂದ ಇದ್ದೇನೆ’. ಮೊದಲನೆಯದರಲ್ಲಿ ‘-ಇಂದ’ ಇಲ್ಲ, ವಾಸವೂ ಮುಗಿದಿದೆ: ‘ಐ ಲಿವ್ಡ್ ದೇರ್ ಫಾರ್ ಫೈವ್ ಇಯರ್ಸ್.’ ಎರಡನೆಯದು ನಡೆಯುತ್ತಲೇ ಇದೆ: ‘ಐ ಹ್ಯಾವ್ ಲಿವ್ಡ್ ದೇರ್ ಫಾರ್ ಫೈವ್ ಇಯರ್ಸ್.’ ‘-ಇಂದ’ದ ಜತೆಗೆ ವರ್ತಮಾನ ಕ್ರಿಯಾಪದ ಕಂಡರೆ ಹ್ಯಾವ್ ಖಂಡಿತ ಎಂದು ಬರೆದಿಟ್ಟುಕೊಳ್ಳಬಹುದು.

ಕೇಳುವಾಗಲೂ ಹೀಗೇ. ‘ಎಷ್ಟು ದಿನದಿಂದ ಇಲ್ಲಿದ್ದೀರಿ?’ ಎಂಬುದಕ್ಕೆ ‘ಹೌ ಲಾಂಗ್ ಹ್ಯಾವ್ ಯೂ ಬೀನ್ ಹಿಯರ್?’ ಇದನ್ನು ‘ಹೌ ಲಾಂಗ್ ಆರ್ ಯೂ ಹಿಯರ್ ಫಾರ್?’ ಎಂದರೆ ಅರ್ಥವೇ ಬದಲಾಗಿ ‘ಇನ್ನೂ ಎಷ್ಟು ದಿನ ಇರುತ್ತೀರಿ?’ ಎಂದಾಗುತ್ತದೆ. ಅತಿಥಿಗಳ ಹತ್ತಿರ ಹುಷಾರು.

ಹೆಜ್ಜೆ 6: ‘ಹೋಗಿದ್ದುಂಟು’, ‘ನೋಡಿದ್ದೇ ಇಲ್ಲ’

ಬದುಕಿನ ಅನುಭವಗಳನ್ನು ಹೇಳುವಾಗ ಯಾವಾಗ ಎಂಬುದು ಮುಖ್ಯವಲ್ಲ, ಆಗಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ. ಕನ್ನಡದಲ್ಲಿ ಇದಕ್ಕೆ ಚೆಂದದ ರೂಪಗಳಿವೆ: ‘ಸಮುದ್ರ ನೋಡಿದ್ದುಂಟಾ?’, ‘ವಿಮಾನ ಹತ್ತಿದ್ದೇ ಇಲ್ಲ’. ಈ ‘ಉಂಟು’, ‘ದ್ದೇ ಇಲ್ಲ’ಗಳು ಬಂದಲ್ಲೆಲ್ಲ ಹ್ಯಾವ್ ಜತೆಗೆ ಎವರ್, ನೆವರ್ ಹಾಕಿ. ‘ಹ್ಯಾವ್ ಯೂ ಎವರ್ ಸೀನ್ ದ ಸೀ?’ ‘ಐ ಹ್ಯಾವ್ ನೆವರ್ ಬೀನ್ ಆನ್ ಎ ಪ್ಲೇನ್.’

ಬೀನ್ ಮತ್ತು ಗಾನ್ ಎಂಬ ಹಳೆಯ ತಲೆನೋವಿಗೂ ಕನ್ನಡದಲ್ಲೇ ಔಷಧಿ ಇದೆ. ‘ಅವಳು ಪ್ಯಾರಿಸ್‌ಗೆ ಹೋಗಿದ್ದಾಳೆ’ ಎಂದರೆ ಸದ್ಯಕ್ಕೆ ಇಲ್ಲಿಲ್ಲ: ‘ಶೀ ಹ್ಯಾಸ್ ಗಾನ್ ಟು ಪ್ಯಾರಿಸ್.’ ‘ಅವಳು ಪ್ಯಾರಿಸ್‌ಗೆ ಹೋಗಿ ಬಂದಿದ್ದಾಳೆ’ ಎಂದರೆ: ‘ಶೀ ಹ್ಯಾಸ್ ಬೀನ್ ಟು ಪ್ಯಾರಿಸ್.’ ಬೀನ್ ಎಂದರೆ ‘ಹೋಗಿ ಬಂದ’ ಎಂದು ನೆನಪಿಟ್ಟುಕೊಳ್ಳಿ. ಎದುರಿಗೆ ಕೂತವರು ‘ಐ ಹ್ಯಾವ್ ಗಾನ್ ಟು ಪ್ಯಾರಿಸ್’ ಎಂದರೆ, ಹಾಗಾದರೆ ಇಲ್ಲಿ ಕೂತವರು ಯಾರು ಎಂದು ಕೇಳಬೇಕಾಗುತ್ತದೆ.

‘ಇದೇ ಮೊದಲ ಸಲ’ ಎಂಬ ಮಾತಿಗೂ ಹ್ಯಾವ್ ಬೇಕು. ‘ಇದೇ ಮೊದಲ ಸಲ ನಾನು ಇದನ್ನು ನೋಡುತ್ತಿರುವುದು’ ಎಂಬಲ್ಲಿ ಕನ್ನಡ ಮತ್ತೆ ವರ್ತಮಾನ ಬಳಸಿ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಹ್ಯಾವ್ ಸೀನ್ ದಿಸ್.’ ‘ನಾನು ಓದಿದ್ದರಲ್ಲೇ ಒಳ್ಳೆಯ ಪುಸ್ತಕ’ ಎಂಬಂಥ ಹೋಲಿಕೆಗೂ ಅಷ್ಟೇ: ‘ದ ಬೆಸ್ಟ್ ಬುಕ್ ಐ ಹ್ಯಾವ್ ಎವರ್ ರೆಡ್.’

ಅನುಭವ ಎಂದಮೇಲೆ ಅದನ್ನು ಹೊತ್ತವರು ಬದುಕಿರಬೇಕಲ್ಲ? ಭಾಷಾಶಾಸ್ತ್ರದಲ್ಲಿ ಬಹಳ ಚರ್ಚೆಯಾದ ಉದಾಹರಣೆಯೊಂದಿದೆ: ‘ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್.’ ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡರು, ಆದ್ದರಿಂದ ಈ ವಾಕ್ಯ ಇಂಗ್ಲಿಷ್ ಕಿವಿಗೆ ವಿಚಿತ್ರ. ‘ವಿಸಿಟೆಡ್’ ಎಂದಷ್ಟೇ ಆಗಬೇಕು. ತಮಾಷೆಯೆಂದರೆ ಅದನ್ನೇ ಮಗುಚಿ ‘ಪ್ರಿನ್ಸ್‌ಟನ್ ಹ್ಯಾಸ್ ಬೀನ್ ವಿಸಿಟೆಡ್ ಬೈ ಐನ್‌ಸ್ಟೈನ್’ ಎಂದರೆ ಅಷ್ಟು ವಿಚಿತ್ರವೆನಿಸುವುದಿಲ್ಲ, ಏಕೆಂದರೆ ಈಗ ಮಾತು ಊರಿನದ್ದು, ಆ ಊರು ಇಂದಿಗೂ ಇದೆ. ತೀರಿಹೋದ ಲೇಖಕರ ಬಗ್ಗೆ ‘ಹೀ ಹ್ಯಾಸ್ ರಿಟನ್ ಮೆನಿ ನಾವೆಲ್ಸ್’ ಎಂದು ಬರೆಯುವ ಮುನ್ನ ಇದನ್ನು ನೆನೆಯಿರಿ. ‘ಹೀ ರೋಟ್.’

ಹೆಜ್ಜೆ 7: ಫಲ ಕಣ್ಣೆದುರು ಇದೆಯೇ?

‘ಐ ಹ್ಯಾವ್ ಬ್ರೋಕನ್ ಮೈ ಲೆಗ್’ ಎಂದವನ ಕಾಲಿನಲ್ಲಿ ಈಗ ಪ್ಲಾಸ್ಟರ್ ಇದೆ. ‘ಐ ಬ್ರೋಕ್ ಮೈ ಲೆಗ್’ ಎಂದವನು ಎದುರಿಗೇ ಓಡಾಡುತ್ತಿರಬಹುದು. ಅವನು ಕಥೆ ಹೇಳುತ್ತಿದ್ದಾನೆ, ಮುಂದೆ ಎಲ್ಲಿ, ಯಾವಾಗ ಎಂದು ಬರಲಿದೆ. ಕನ್ನಡದ ‘ಮುರಿದಿದೆ’, ‘ಮುರಿದಿತ್ತು’ ಇದಕ್ಕೆ ಹತ್ತಿರ.

ಒಂದು ಕಡೆ ಮಾತ್ರ ಕನ್ನಡ ಇನ್ನೂ ಮುಂದೆ ಹೋಗುತ್ತದೆ. ಬೆಳಿಗ್ಗೆ ಎದ್ದು ಒದ್ದೆ ನೆಲ ನೋಡಿ ‘ರಾತ್ರಿ ಮಳೆ ಬಂದಿದೆ’ ಎನ್ನುತ್ತೇವೆ. ನಾವು ಮಳೆ ನೋಡಿಲ್ಲ, ಗುರುತು ನೋಡಿ ಊಹಿಸಿದ್ದೇವೆ, ಆ ಊಹೆಯನ್ನೇ ‘-ಇದೆ’ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ರಾತ್ರಿ’ ಎಂದ ಮೇಲೆ ‘ಇಟ್ ಹ್ಯಾಸ್ ರೇನ್ಡ್ ಲಾಸ್ಟ್ ನೈಟ್’ ಆಗದು. ‘ಇಟ್ ರೇನ್ಡ್ ಲಾಸ್ಟ್ ನೈಟ್’ ಎನ್ನಿ, ಊಹೆ ಎಂಬುದನ್ನೂ ಹೇಳಬೇಕಿದ್ದರೆ ‘ಇಟ್ ಮಸ್ಟ್ ಹ್ಯಾವ್ ರೇನ್ಡ್ ಲಾಸ್ಟ್ ನೈಟ್.’

ಹೆಜ್ಜೆ 8: ಜತೆಗಾರ ಪದಗಳು

‘ಈಗ ತಾನೇ’ಗೆ ಜಸ್ಟ್, ‘ಆಗಲೇ’ಗೆ ಆಲ್ರೆಡಿ. ‘ಓದಿ ಆಗಿದೆ’ ಎಂಬಲ್ಲಿನ ‘ಆಗಿದೆ’ ಕೂಡ ಆಲ್ರೆಡಿಯೇ: ‘ಐ ಹ್ಯಾವ್ ಆಲ್ರೆಡಿ ರೆಡ್ ಇಟ್.’ ‘ಇನ್ನೂ ಇಲ್ಲ’ ಎನ್ನುವಾಗ ಯೆಟ್ ವಾಕ್ಯದ ಕೊನೆಗೆ.

ಟುಡೇ, ದಿಸ್ ವೀಕ್, ದಿಸ್ ಇಯರ್ ಇವು ಇನ್ನೂ ಮುಗಿಯದ ಕಾಲಗಳು, ಆದ್ದರಿಂದ ಹ್ಯಾವ್ ಜತೆ ಹೊಂದುತ್ತವೆ: ‘ಐ ಹ್ಯಾವ್ ಹ್ಯಾಡ್ ಫೋರ್ ಮೀಟಿಂಗ್ಸ್ ಟುಡೇ.’ ಸಂಜೆಯೊಳಗೆ ಐದನೆಯದೂ ಬರಬಹುದು. ಇಲ್ಲಿ ಒಂದು ಸಣ್ಣ ‘ದ’ ದೊಡ್ಡ ಕೆಲಸ ಮಾಡುತ್ತದೆ. ‘ಲಾಸ್ಟ್ ಮಂತ್’ ಎಂದರೆ ಕಳೆದ ತಿಂಗಳು, ಮುಗಿದದ್ದು, ಸಿಂಪಲ್ ಪಾಸ್ಟ್. ‘ಇನ್ ದ ಲಾಸ್ಟ್ ಮಂತ್’ ಎಂದರೆ ಇವತ್ತಿಗೆ ಬಂದು ನಿಲ್ಲುವ ಒಂದು ತಿಂಗಳು, ಹ್ಯಾವ್.

ಅಮೆರಿಕನ್ ಇಂಗ್ಲಿಷಿನಲ್ಲಿ ಜಸ್ಟ್, ಆಲ್ರೆಡಿ, ಯೆಟ್ ಜತೆ ಸಿಂಪಲ್ ಪಾಸ್ಟ್ ಕೂಡ ಧಾರಾಳವಾಗಿ ಬರುತ್ತದೆ: ‘ಐ ಆಲ್ರೆಡಿ ಡಿಡ್ ಇಟ್’, ‘ಡಿಡ್ ಯೂ ಕಾಲ್ ಹಿಮ್ ಯೆಟ್?’ ಅದು ತಪ್ಪಲ್ಲ, ಆ ಕಡೆಯ ರೂಢಿ. ಆದರೆ ಸಿನ್ಸ್ ಬಳಸಿ ಈವರೆಗಿನ ಲೆಕ್ಕ ಹೇಳುವಲ್ಲಿ ಅವರೂ ಸಾಮಾನ್ಯವಾಗಿ ಹ್ಯಾವ್ ಬಿಡುವುದಿಲ್ಲ. ಕಲಿಯುವಾಗ ಹ್ಯಾವ್ ಹಾಕುವುದನ್ನೇ ರೂಢಿಸಿಕೊಳ್ಳಿ. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಸಲ್ಲುತ್ತದೆ.

ಹೆಜ್ಜೆ 9: ಮಾತು ಶುರುಮಾಡಲು ಹ್ಯಾವ್, ಮುಂದುವರಿಸಲು ಪಾಸ್ಟ್

ಒಂಟಿ ವಾಕ್ಯಗಳಲ್ಲಿ ಅಭ್ಯಾಸ ಮಾಡಿದವರಿಗೆ ಮಾತುಕತೆಯಲ್ಲಿ ಕಾಲು ತೊಡರುವುದು ಇಲ್ಲಿ. ಇಬ್ಬರ ನಡುವಿನ ಈ ಮಾತು ನೋಡಿ.

‘ಹ್ಯಾವ್ ಯೂ ಎವರ್ ಡ್ರಿವನ್ ಎ ಟ್ರಕ್?’
‘ಯೆಸ್, ಐ ಹ್ಯಾವ್.’
‘ರಿಯಲಿ? ವೆನ್ ಡಿಡ್ ಯೂ ಡ್ರೈವ್ ಒನ್?’
‘ಮೈ ಅಂಕಲ್ ಹ್ಯಾಡ್ ಒನ್. ಹೀ ಟಾಟ್ ಮೀ ವೆನ್ ಐ ವಾಸ್ ಟ್ವೆಂಟಿ.’

ಮೊದಲ ಪ್ರಶ್ನೆ ಅನುಭವದ್ದು, ಹ್ಯಾವ್. ಉತ್ತರ ಸಿಕ್ಕ ಕೂಡಲೇ ಇಬ್ಬರೂ ಆ ಹಳೆಯ ದಿನಕ್ಕೆ ಇಳಿದರು, ಅಲ್ಲಿಂದ ಮುಂದೆ ಎಲ್ಲವೂ ಪಾಸ್ಟ್. ಸುದ್ದಿ ಬರೆಯುವವರೂ ಇದನ್ನೇ ಮಾಡುತ್ತಾರೆ. ‘ದ ಮಿನಿಸ್ಟರ್ ಹ್ಯಾಸ್ ರಿಸೈನ್ಡ್’ ಎಂದು ಮೊದಲು ಸುದ್ದಿ ಮುಟ್ಟಿಸಿ, ಮುಂದಿನ ಸಾಲಿನಲ್ಲಿ ‘ಹೀ ಹ್ಯಾಂಡೆಡ್ ಓವರ್ ದ ಲೆಟರ್ ಆನ್ ಮಂಡೇ’ ಎಂದು ವಿವರಕ್ಕೆ ಇಳಿಯುತ್ತಾರೆ. ಪ್ಯಾರಾ ತುಂಬ ಹ್ಯಾವ್, ಹ್ಯಾವ್ ಎಂದು ಬರೆದಿದ್ದರೆ ಅನುಮಾನಪಡಿ. ಎರಡನೆಯ ಸಾಲಿನಿಂದ ಮುಂದೆ ಅದರ ಅಗತ್ಯ ಇರುವುದು ಕಡಿಮೆ.

ಹೆಜ್ಜೆ 10: ‘ಡನ್’ ಅಥವಾ ‘ಬೀನ್ ಡೂಯಿಂಗ್’

‘ಐ ಹ್ಯಾವ್ ರೆಡ್ ದಟ್ ಬುಕ್’ ಎಂದರೆ ಓದಿ ಮುಗಿಸಿದ್ದೇನೆ. ‘ಐ ಹ್ಯಾವ್ ಬೀನ್ ರೀಡಿಂಗ್ ದಟ್ ಬುಕ್’ ಎಂದರೆ ಓದುತ್ತಾ ಬಂದಿದ್ದೇನೆ, ಬಹುಶಃ ಇನ್ನೂ ಮುಗಿದಿಲ್ಲ. ಎಷ್ಟು ಎಂದು ಎಣಿಸಿದರೆ ಮೊದಲನೆಯದು: ‘ಐ ಹ್ಯಾವ್ ರಿಟನ್ ಥ್ರೀ ಲೆಟರ್ಸ್.’ ಎಷ್ಟು ಹೊತ್ತಿನಿಂದ ಎಂದರೆ ಸಾಮಾನ್ಯವಾಗಿ ಎರಡನೆಯದು: ‘ಐ ಹ್ಯಾವ್ ಬೀನ್ ರೈಟಿಂಗ್ ಫಾರ್ ಟೂ ಅವರ್ಸ್.’

ನೋ (‘ಬಲ್ಲೆ’ ಎಂಬರ್ಥದ್ದು), ಲೈಕ್, ಬಿಲೀವ್ ಮುಂತಾದ ಮನಸ್ಸಿನ ಸ್ಥಿತಿಯ ಪದಗಳಿಗೆ ಈ ಎರಡನೆಯ ರೂಪ ಒಗ್ಗದು. ‘ಹತ್ತು ವರ್ಷದಿಂದ ಅವರನ್ನು ಬಲ್ಲೆ’ ಎಂಬುದಕ್ಕೆ ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್.’ ‘ಬೀನ್ ನೋಯಿಂಗ್’ ಎಂಬುದಿಲ್ಲ.

ಹೆಜ್ಜೆ 11: ಈಗ ನಿಮ್ಮ ಸರದಿ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ನನ್ನ ಉತ್ತರ ನೋಡುವ ಮುನ್ನ ಒಂದು ಚೀಟಿಯಲ್ಲಿ ನಿಮ್ಮದನ್ನು ಬರೆದಿಟ್ಟುಕೊಳ್ಳಿ.

‘ನನ್ನ ತಂಗಿ ಮೂರು ತಿಂಗಳಿಂದ ಈಜು ಕಲಿಯುತ್ತಿದ್ದಾಳೆ.’ ‘-ಇಂದ’ ಇದೆ, ಕ್ರಿಯಾಪದ ವರ್ತಮಾನದಲ್ಲಿದೆ, ಮೂರು ತಿಂಗಳು ಎಂಬುದು ಉದ್ದ. ‘ಮೈ ಸಿಸ್ಟರ್ ಹ್ಯಾಸ್ ಬೀನ್ ಲರ್ನಿಂಗ್ ಟು ಸ್ವಿಮ್ ಫಾರ್ ಥ್ರೀ ಮಂತ್ಸ್.’

‘ಹೋದ ವಾರ ಅವರನ್ನು ಭೇಟಿ ಮಾಡಿದ್ದೆ.’ ‘ದ್ದೆ’ ಕಂಡು ಹ್ಯಾಡ್ ಎಂದು ಕೈ ಚಾಚಿದಿರಾ? ಕಾಲ ಹೇಳಿಯಾಗಿದೆ, ಇನ್ನೊಂದು ಘಟನೆಯೂ ಇಲ್ಲ. ‘ಐ ಮೆಟ್ ಹಿಮ್ ಲಾಸ್ಟ್ ವೀಕ್.’

‘ಅವರನ್ನು ಒಂದೆರಡು ಸಲ ಭೇಟಿ ಮಾಡಿದ್ದೇನೆ.’ ಯಾವಾಗ ಎಂಬ ಮಾತೇ ಇಲ್ಲ. ಇಲ್ಲ ಎನ್ನಬೇಕಿದ್ದರೆ ‘ಭೇಟಿ ಮಾಡಿಲ್ಲ’ ಎನ್ನುತ್ತಿದ್ದೆವು. ‘ಐ ಹ್ಯಾವ್ ಮೆಟ್ ಹಿಮ್ ಎ ಕಪಲ್ ಆಫ್ ಟೈಮ್ಸ್.’

‘ಕಾಲೇಜು ಬಿಟ್ಟ ಮೇಲೆ ಅವನನ್ನು ನೋಡಿಲ್ಲ.’ ಇಲ್ಲಿ ಎರಡು ಕ್ರಿಯೆಗಳಿವೆ, ಎರಡಕ್ಕೂ ಬೇರೆ ಬೇರೆ ರೂಪ. ಕಾಲೇಜು ಬಿಟ್ಟದ್ದು ಒಂದು ಬಿಂದು, ಮುಗಿದದ್ದು. ನೋಡದಿರುವುದು ಇಂದಿನವರೆಗೆ ಬಂದಿದೆ. ‘ಐ ಹ್ಯಾವಂಟ್ ಸೀನ್ ಹಿಮ್ ಸಿನ್ಸ್ ಐ ಲೆಫ್ಟ್ ಕಾಲೇಜ್.’ ‘ಆಫ್ಟರ್’ ಎಂದು ಬರೆದಿದ್ದರೆ ‘ಮೇಲೆ’ ಎಂಬ ಪದ ನಿಮ್ಮನ್ನು ಎಳೆದುಕೊಂಡು ಹೋಗಿದೆ.

‘ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆಯಾ?’ ಹನ್ನೊಂದು ಗಂಟೆಗೆ ಕೇಳಿದರೆ ಬೆಳಗು ಇನ್ನೂ ಮುಗಿದಿಲ್ಲ, ‘ಹ್ಯಾವ್ ಯೂ ಕಾಲ್ಡ್ ಹಿಮ್ ದಿಸ್ ಮಾರ್ನಿಂಗ್?’ ಮಧ್ಯಾಹ್ನ ಮೂರಕ್ಕೆ ಕೇಳಿದರೆ ‘ಡಿಡ್ ಯೂ ಕಾಲ್ ಹಿಮ್ ದಿಸ್ ಮಾರ್ನಿಂಗ್?’ ಕನ್ನಡದ ಪ್ರಶ್ನೆ ಎರಡು ಹೊತ್ತಿಗೂ ಒಂದೇ. ಗಡಿಯಾರ ನೋಡದೆ ಇದನ್ನು ಇಂಗ್ಲಿಷಿಗೆ ತರುವಂತಿಲ್ಲ.